ತಗಡು ಬ್ಯಾಂಡಿನ ಮೈಕ್‌ಸೆಟ್ ಅಣ್ಣ

ಮೊನ್ನೆ ಶಿರಾ ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯಲ್ಲಿ ನನ್ನ ಫೋನು ಬಿಚ್ಚಿ ಬೆಸುಗೆ ಹಾಕುತ್ತಿದ್ದರು. ಕಾದ ಕಡ್ಡಿಯ ತುದಿಗೆ ರಾಳ ತಾಗಿ ಎದ್ದ ಹೊಗೆ ಮೂಗಿಗೆ ಬಡಿಯಿತು. ವಾಸನೆಯಿಂದ ನೆನಪು ನುಗ್ಗಿಬರುತ್ತದೆ ಎಂದು ಯಾರಾದರೂ ಬರೆದರೆ ನಾನು ನಂಬುವವಳಲ್ಲ. ಆದರೂ ಫೋನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಮಧುಗಿರಿಯ ಮೈಕ್‌ಸೆಟ್ ಅಣ್ಣನ ಅಂಗಡಿಗೆ ಇದೇ ವಾಸನೆಯಿತ್ತು...

ಅಣ್ಣ ಎಂದರೆ ನೆಂಟರಲ್ಲ. ಮದುವೆ, ಸಭೆ, ಪೌರಾಣಿಕ ನಾಟಕಗಳಿಗೆ ಮೈಕು, ಹಾರ್ನ್ ಸ್ಪೀಕರು ಬಾಡಿಗೆಗೆ ಕೊಡುತ್ತಿದ್ದವರು, ಊರಿಗೆಲ್ಲ ಅಣ್ಣ. ನಾನಾಗ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಬಿರುಕು ಹುಡುಕುವುದೇ ನನ್ನ ಕಸುಬು. ಅಣ್ಣ ನನ್ನನ್ನು ‘ಲಾಯರಮ್ಮ’ ಎಂದು ಛೇಡಿಸುತ್ತಿದ್ದರು.

‘ತಗಡು’ ಬ್ಯಾಂಡು ಹುಟ್ಟಿದ್ದು ಆ ಅಂಗಡಿಯಲ್ಲೇ. ಡಿಪ್ಲೊಮಾ ಓದುವ ಮೂವರು ಹುಡುಗರು, ಒಂದು ಹಳೇ ಎಲೆಕ್ಟ್ರಿಕ್ ಗಿಟಾರು. ಅಭ್ಯಾಸಕ್ಕೆ ಬೇರೆಲ್ಲೂ ಜಾಗ ಸಿಗದೆ ಅಲ್ಲಿಗೆ ಬಂದಿದ್ದರು. ಒಂದು ದಿನ ಗಿಟಾರನ್ನು ಸ್ಪೀಕರಿನ ಎದುರಿಗೇ ಒರಗಿಸಿಬಿಟ್ಟರು. ಅದು ಕುಂಯ್ಯೋ ಎಂದು ಕೂಗತೊಡಗಿತು. ಅಂಥ ಕೂಗನ್ನು ಅಡಗಿಸುವುದೇ ಮೈಕ್‌ಸೆಟ್‌ನವರ ಜೀವಮಾನದ ಕೆಲಸ. ಅಣ್ಣ ಅಡಗಿಸಲಿಲ್ಲ. ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ಇರ್ಲಿ ಬುಡ್ರಲಾ, ಎದೆಗೇ ಬತ್ತದೆ" ಎಂದರು. ಆ ಕೂಗೇ ತಗಡಿನ ಮೊದಲ ಹಾಡು.

ಶಿರಾದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಒಬ್ಬ ಟ್ರ್ಯಾಕ್ಟರ್ ನೇಗಿಲಿನ ಡಿಸ್ಕನ್ನು ಸ್ಪಾನರಿನಿಂದ ಬಡಿದ. ಇನ್ನೊಬ್ಬ ನೀರಿನ ಡ್ರಮ್ಮಿನೊಳಗೆ ತಲೆ ಹಾಕಿ ಕಿರುಚಿದ. ಗಿಟಾರಿನವನು ತಂತಿಗಳನ್ನು ಹಾರ್ನಿನ ಬಾಯಿಗೇ ಉಜ್ಜಿದ. ಐವತ್ತು ದಾಟಿದ ಅಣ್ಣ ಇನ್ನೊಂದು ಹಾರ್ನು ತಲೆಯ ಮೇಲೆ ಹೊತ್ತು ಜನರ ನಡುವೆ ಕುಣಿಯುತ್ತ ಹೋದರು. "ಇದು ಸಂಗೀತವಲ್ಲ ಎನ್ನುವವರು ಮೊದಲು ಸಂಗೀತ ಅಂದರೇನು ಹೇಳಲಿ" ಎಂದು ವೇದಿಕೆಯಿಂದ ಸವಾಲು ಹಾಕುವುದು ನನ್ನ ಪಾಲು. ಕೊರಟಗೆರೆಯಲ್ಲಿ ಚಪ್ಪಲಿ ಬಿತ್ತು. ಅಣ್ಣ ಅದನ್ನೂ ಎತ್ತಿ ಡಿಸ್ಕಿಗೆ ಬಡಿದು ನುಡಿಸಿದರು. ಪಾವಗಡದಲ್ಲಿ ಮುದುಕರೊಬ್ಬರು, "ಇದಿ ಪಾಟಾ, ಏಡುಪಾ?" ಅಂದರು. ಹಾಡೋ ಅಳುವೋ ಅವರಿಗೆ ತಿಳಿಯಲಿಲ್ಲ. ಹೋಗಿ ಜನರೇಟರನ್ನೇ ಆರಿಸಿದರು. ನಾವು ಬಿದ್ದು ಬಿದ್ದು ನಕ್ಕೆವು...

ಆ ನಗುವಿನ ನಡುವೆಯೂ ನನಗೊಂದು ಅನುಮಾನ. ಬೆನ್ನ ಹಿಂದಿನಿಂದ ಕರೆದರೆ ಅಣ್ಣ ತಿರುಗುತ್ತಿರಲಿಲ್ಲ. ಮಾತಾಡುವಾಗ ನಮ್ಮ ತುಟಿಯನ್ನೇ ನೋಡುತ್ತಿದ್ದರು. ಎಲ್ಲರೂ ಧೈರ್ಯ ಎಂದುಕೊಂಡ ಆ ಅಬ್ಬರ, ತಮ್ಮ ಕಿವಿಗೆ ಅಷ್ಟಾದರೂ ತಲುಪಲಿ ಎಂದು ಅಣ್ಣ ಏರಿಸಿದ್ದಿರಬಹುದೇ? ಇದನ್ನು ಹೇಳಿದಾಗ ಗಿಟಾರಿನವನು ಸಿಡಿದ. "ಅಣ್ಣನ ಕಿವಿ ಅಂದ್ರೆ ಏನನ್ಕಂಡಿದ್ದೀಯ ಲೇ? ಒಂದೊಂದ್ ಕೂಗೂ ಅಳ್ದು ಇಡ್ತಾನೆ."

"ಪರೀಕ್ಷೆ ಮಾಡಿ ತೋರಿಸ್ತೀನಿ, ಬಾ," ಎಂದೆ.

ಮಾರನೆಯ ಮಧ್ಯಾಹ್ನ ಗಿಟಾರಿನವನೊಂದಿಗೆ ಹೋದಾಗ ಅಣ್ಣ ಗೋಡೆಗೆ ಮುಖ ಮಾಡಿ ಬೆಸುಗೆ ಹಾಕುತ್ತಿದ್ದರು. ನಾಟಕಕ್ಕೆ ಮೈಕ್‌ಸೆಟ್ ಗೊತ್ತುಮಾಡಲು ತೋವಿನಕೆರೆಯಿಂದ ಬಂದಿದ್ದ ನಾಲ್ವರು ಬೆಂಚಿನ ಮೇಲಿದ್ದರು. ಮೈಕ್‌ಸೆಟ್‌ನವನ ಕಿವಿ ಹೋಯಿತೆಂದು ತಿಳಿದರೆ ಅವನ ಅನ್ನ ಹೋಗುತ್ತದೆ. ಅಷ್ಟು ನನಗೆ ಗೊತ್ತಿತ್ತು. ಆ ನಾಲ್ವರು ಎದ್ದು ಹೋಗುವವರೆಗೆ ಕಾಯಬಹುದಿತ್ತು. ಆದರೆ ವಾದ ಮಾಡುವವರಿಗೆ ಸಭಿಕರು ಬೇಕು. ಮೈಕನ್ನು ಸ್ಪೀಕರಿಗೆ ಹಿಡಿದೆ.

ಕಿವಿಯ ತಮಟೆ ಹರಿಯುವಂಥ ಚೂಪು ಕೂಗು. ಬೆಂಚಿನ ನಾಲ್ವರೂ ಕಿವಿ ಮುಚ್ಚಿ ಎದ್ದು ನಿಂತರು. ಅಣ್ಣನ ಕೈ ಅಲುಗಲಿಲ್ಲ. ತಂತಿಯ ತುದಿಗೆ ಉಫ್ ಎಂದು ಊದಿ, ಆರಾಮಾಗಿ ತಿರುಗಿ ನೋಡಿದರು.

"ಯಾಕ್ರಪ್ಪ, ಎಲ್ರಿಗೂ ಒಟ್ಗೇ ಕಿವಿನೋವು ಬಂದ್ಬುಡ್ತಾ?"

ಯಾರೂ ನಗಲಿಲ್ಲ. ಅಣ್ಣನ ಕಣ್ಣು ನನ್ನ ಕೈಯಲ್ಲಿದ್ದ ಮೈಕಿನ ಮೇಲೆ ನಿಂತಿತು... ತೋವಿನಕೆರೆಯ ಹಿರಿಯರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಇನ್ನೊಂದ್ ಕಿತ ಬತ್ತೀವಿ ಕಣಪ್ಪ" ಎಂದು ಮೆಟ್ಟಿಲಿಳಿದರು. ಆ ತುಟಿಯನ್ನೂ ಅಣ್ಣ ಓದಿದರು. ನನ್ನನ್ನು ಬೈಯಲಿಲ್ಲ. "ಗೆದ್ದೆ ಬುಡು, ಲಾಯರಮ್ಮ" ಎಂದಷ್ಟೇ ಹೇಳಿ ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತರು.

ಕಿವುಡನ ಮೈಕ್‌ಸೆಟ್ ಎಂಬ ಮಾತು ನಾಲ್ಕೂ ತಾಲ್ಲೂಕು ಸುತ್ತಿತು. ನಾಟಕದವರು ಬರುವುದು ನಿಂತಿತು, ಆಮೇಲೆ ಮದುವೆಯವರು. ಅಣ್ಣ ಪೆಟ್ಟಿಗೆಗಳನ್ನು ಮಾರಿ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿದರು. ಪೆಟ್ಟಿಗೆಗಳಿಲ್ಲದೆ ತಗಡೂ ಚದುರಿತು. ಹುಡುಗರು ನನ್ನ ಜೊತೆ ಮಾತು ಬಿಟ್ಟರು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಎಷ್ಟೋ ದಿನ ಒಬ್ಬಳೇ ವಾದಿಸಿದೆ. ತಪ್ಪು ಸಿಗಲಿಲ್ಲ, ನಿದ್ದೆಯೂ ಬರಲಿಲ್ಲ.

ಕಳೆದ ತಿಂಗಳು ಅಣ್ಣ ತೀರಿಕೊಂಡರು. ಮನೆಗೆ ಹೋದೆ. ಅವರ ಹೆಂಡತಿ ಕೂರು ಎನ್ನಲಿಲ್ಲ.

"ಅವ್ರಿಗೆ ಕೇಳ್ಸಾಕಿಲ್ಲ ಅಂತ ಊರ್ಗೆಲ್ಲ ತೋರ್ಸಿದ್ದು ನೀನೇ ಅಲ್ವಾ ಕಣಮ್ಮ? ನಾನು ಎಷ್ಟ್ ಮೆಲ್ಲಗೆ ಮಾತಾಡುದ್ರೂ ಉತ್ರ ಕೊಡೋರು. ಯಾವಾಗ್ಲೂ ನನ್ ಮುಖಾನೇ ನೋಡ್ಕಂಡು ಕೂತಿರೋರು."

ಮುಖವನ್ನಲ್ಲ ಅಕ್ಕ, ತುಟಿಯನ್ನು... ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

"ಅವತ್ತು ಸ್ಪೀಕರ್ ಕೂಗೇ ಇರ್ಲಿಲ್ಲ ಅಕ್ಕ. ಅಣ್ಣಂಗೆ ಕೇಳ್ಸಲ್ಲ ಅಂತ ನಾನೇ ಸುಳ್ಳು ಹೇಳ್ದೆ."

ಆಕೆ ಬಾಗಿಲ ಕಡೆ ಕೈ ತೋರಿಸಿದರು. "ಅಂಗಾರೆ ಅದ್ನೂ ಹೋಗಿ ಎಲ್ರಿಗೂ ಹೇಳು."

ಹೇಳಲೆಂದೇ ಇದನ್ನು ಬರೆಯಲು ಕುಳಿತೆ. ಅಣ್ಣನಿಲ್ಲ, ಇನ್ನು ನಾನು ಮಾಡಬಹುದಾದದ್ದು ಅದೊಂದೇ. ಅವತ್ತು ಸ್ಪೀಕರ್ ಕೂಗಲೇ ಇಲ್ಲ ಎಂಬ ಒಂದು ಸುಳ್ಳು, ಒಂದೇ ಸಾಲು. ಆದರೆ ಪುರಾವೆಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಚಾಳಿ ನನ್ನ ಕೈ ಬಿಡಲಿಲ್ಲ. ಬೆಂಚಿನ ಮೇಲಿದ್ದ ನಾಲ್ವರಿಗೆ ಅವತ್ತು ತೋರಿಸಿದ್ದನ್ನು ಇವತ್ತು ನಿಮಗೆಲ್ಲರಿಗೂ ತೋರಿಸಿಬಿಟ್ಟಿದ್ದೇನೆ.