ನಾನು ಕೊಡದ ಸೀರೆ

ಸಾಯುವವರಿಗೆ ಮುಂದಿನದು ಕಾಣುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆಯೇ ಬಾಯಿ ಹಾಕಿ, ಕಣ್ಣಾರೆ ಕಂಡಿರಾ ಎಂದು ಕೇಳಿ ಅವರ ಮುಖ ಸಪ್ಪಗಾಗಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಂಬದಿದ್ದರೆ ನನಗೂ ತುಸು ಹಗುರ.

ಶಾಲೆಗಳಿಗೆ ಪುಸ್ತಕ ಒದಗಿಸುವ ಏಜೆಂಟನಾಗಿ ಇಪ್ಪತ್ತು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿದವನು ನಾನು. ಗುರುತಿಲ್ಲದವರ ಪಕ್ಕ ಕೂತು, ಒಂದು ಕಪ್ ಚಹಾ ಮುಗಿಯುವುದರೊಳಗೆ ಅವರ ಮನೆಯ ಸುದ್ದಿಯನ್ನೆಲ್ಲ ಹೊರಗೆ ತೆಗೆಯುವುದು ನನಗೆ ಒಲಿದ ವಿದ್ಯೆ. ಅದನ್ನೇ ಒಂದು ವಾರಪತ್ರಿಕೆಗೆ ಬರೆಯುತ್ತಲೂ ಇದ್ದೆ. ಈ ಸಣ್ಣ ಊರುಗಳ ಜನರ ಮಾತು ಒರಟು, ಮನಸ್ಸು ಬೆಣ್ಣೆ, ಇತ್ಯಾದಿ. ಓದಿದವರು ಮೆಚ್ಚುತ್ತಿದ್ದರು. ನಾನೂ ನನ್ನನ್ನು ಮೆಚ್ಚಿಕೊಂಡೇ ಓಡಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ದಿನ, ಇಂಡಿಯಿಂದ ಮುದ್ದೇಬಿಹಾಳದ ಅಕ್ಕನ ಮನೆಗೆ ಹೊರಟಿದ್ದೆ. ಪ್ರೀತಿ ಉಕ್ಕಿ ಹೊರಟದ್ದಲ್ಲ. ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅಕ್ಕ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಬರಿಗೈಯಲ್ಲಿ ಹೋಗಿ ಕೇಳಿದರೆ ಕೆಲಸ ಕೆಟ್ಟೀತೆಂದು ಬೆಳಿಗ್ಗೆ ಹತ್ತಕ್ಕೆ ಇಂಡಿಯ ಅಂಗಡಿಯೊಂದಕ್ಕೆ ಹೋಗಿ ಸೀರೆ ಕೊಂಡೆ. ಮೊದಲು ನೇರಳೆ ಬಣ್ಣದ್ದನ್ನು ಆರಿಸಿ, ಅಕ್ಕನಿಗೆ ಇಷ್ಟು ಒಳ್ಳೆಯದೇಕೆ ಎನ್ನಿಸಿ, ಕೊನೆಯ ಗಳಿಗೆಯಲ್ಲಿ ಕೆಂಪಂಚಿನ ಹಸಿರು ಸೀರೆಯನ್ನು ಕಟ್ಟಿಸಿದೆ. ಬ್ಯಾಗಿನ ತಳದಲ್ಲಿ ಕಾಗದ, ಅದರ ಮೇಲೆ ಸೀರೆ, ಅದರ ಮೇಲೆ ಟವೆಲು ಇಟ್ಟು ಜಿಪ್ಪು ಎಳೆದೆ. ಮುದ್ದೇಬಿಹಾಳದವರೆಗೆ ಅದನ್ನು ತೆಗೆಯಲಿಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ಸಿಂದಗಿಯಲ್ಲಿ ಬಸ್ಸು ಬದಲಿಸಿ ಒಂದು ತಾಸು ಕಳೆದಿರಬೇಕು. ಸಣ್ಣ ಹಳ್ಳಿಯೊಂದರ ಹತ್ತಿರ ಟೈರು ಸಿಡಿಯಿತು. ಮಧ್ಯಾಹ್ನ ಎರಡರ ಬಿಸಿಲು. ಎಲ್ಲರೂ ಇಳಿದು ಬೇವಿನ ನೆರಳಿಗೆ ಸೇರಿದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಹೆಗಲ ಮೇಲೆ ವಸ್ತ್ರ ಹಾಕಿದ್ದ ಒಬ್ಬ ಮುದುಕ ಊರೊಳಗಿಂದ ಬಂದ. ನಲವತ್ತು ಜನರಲ್ಲಿ ಯಾರನ್ನೂ ಮಾತಾಡಿಸದೆ ನೆಟ್ಟಗೆ ನನ್ನ ಮುಂದೆ ನಿಂತ.

"ಬರ್ರಿ. ನಿಮ್ಮ ದಾರೀನ ನೋಡಾಕತ್ತೇವಿ."

"ಯಾರೋ ಅಂತ ತಿಳಕೊಂಡೀರಿ. ನಾ ಈ ಊರಿಗೆ ಬಂದಾಂವ ಅಲ್ರಿ," ಎಂದೆ.

"ಗೊತ್ತೈತ್ರಿ. ಒಂದೀಟು ಬಂದು ಹೋಗ್ರಿ."

ಹೊಸಬರ ಮನೆ ಹೊಗುವ ಚಟ ನನ್ನದು. ಬರೆಯಲು ಏನಾದರೂ ಸಿಕ್ಕೀತೆಂದು ಬ್ಯಾಗು ಹಿಡಿದು ಹಿಂದೆಯೇ ಹೋದೆ. ಎರಡು ಮನೆ ದಾಟಿದರೆ ಅವನ ಅಂಗಳ. ಅಲ್ಲಿ ಸತ್ತ ಹೆಂಗಸೊಬ್ಬಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಸುತ್ತ ಕೂತ ಹೆಂಗಸರು ನಾನು ಬಂದದ್ದು ನೋಡಿ ಭಜನೆ ನಿಲ್ಲಿಸಿದರು.

"ನನ್ನ ಹೆಂಡ್ತಿ," ಅಂದ ಮುದುಕ. "ನಸುಕಿನ್ಯಾಗ ಹೋದ್ಲು. ತವರಮನಿ ಸೀರಿ ಬರದ ಹೆಣಾ ಎತ್ತಂಗಿಲ್ಲ ನಾವು. ಆಸ್ತಿ ಕಾಗದಕ್ಕ ಸಹಿ ಹಾಕ್ಲಿಲ್ಲಂತ ಆಕಿ ತಮ್ಮಗೋಳು ಹದಿನೈದ ವರ್ಷ ಆತು, ನಮ್ಮ ಹೊಸ್ತಲಾ ತುಳದಿಲ್ಲ. ಇವತ್ತೂ ಬರಂಗಿಲ್ಲಂತ ಹೇಳಿ ಕಳಿಸ್ಯಾರ."

ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ.

"ಹೋಗೂ ಮೊದಲ ಆಕಿ ಹೇಳ್ಯಾಳ್ರಿ. ಮಧ್ಯಾನ್ದಾಗ ಬಸ್ಸು ಕೆಟ್ಟು ನಿಲ್ಲತೈತಿ. ಅದರಾಗ ಹಸರ ಸೀರಿ ಬರತೈತಿ. ತರಾಂವ ನನ್ನ ತಮ್ಮ ಅಲ್ಲ, ಆದ್ರ ಅಕ್ಕನ ಮನೀಗೆ ಹೊಂಟಾಂವ. ಅಲ್ಲೀತನಾ ನನ್ನ ಎತ್ತಬ್ಯಾಡ್ರಿ ಅಂದ್ಲು."

ಬ್ಯಾಗನ್ನು ಇನ್ನೊಂದು ಕೈಗೆ ಬದಲಿಸಿದೆ. ಸೀರೆ ಕೊಟ್ಟುಬಿಡಬೇಕು ಎಂದು ಮೊದಲು ಅನ್ನಿಸಿತು, ನಿಜ. ಆದರೆ ಅದರ ಬೆನ್ನಿಗೇ ಕಾಗದ ನೆನಪಾಯಿತು. ಸೀರೆ ಇಲ್ಲದೆ ಯಾವ ಮುಖ ಹೊತ್ತು ಅಕ್ಕನ ಮುಂದೆ ಸಹಿ ಕೇಳಲಿ? ಇಷ್ಟೇ ನನ್ನ ಲೆಕ್ಕಾಚಾರ.

"ನನ್ನ ಕಡೆ ಸೀರಿ ಗೀರಿ ಏನೂ ಇಲ್ರಿ," ಎಂದೆ.

ಮುದುಕ ನನ್ನ ಮುಖ ನೋಡಲಿಲ್ಲ. ಬ್ಯಾಗು ನೋಡಿದ. ಅದನ್ನು ತೆರೆ ಎನ್ನಲಿಲ್ಲ, ಬೈಯಲೂ ಇಲ್ಲ. "ಆತ್ ಬಿಡ್ರಿ. ಬಿಸಲಾಗ ಬಂದೀರಿ, ನೀರರ ಕುಡೀರಿ," ಅಂದು ಪಕ್ಕದ ಮನೆಯಿಂದ ತಂಬಿಗೆ ತರಿಸಿದ. ಕುಡಿದೆ. ಒರಟು ಮಾತು, ಬೆಣ್ಣೆ ಮನಸ್ಸು ಎಂದು ವರ್ಷಗಟ್ಟಲೆ ಬರೆದವನು ನಾನು, ತಂಬಿಗೆಯನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟೆ. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಕಳ್ಳನ ಹಾಗೆ ಓಡಿದೆ. ಅವರು ಸಂಜೆಯವರೆಗೆ ಕಾದರೋ, ಆಕೆಯನ್ನು ಹಾಗೆಯೇ ಮಣ್ಣಿಗಿಟ್ಟರೋ ಗೊತ್ತಿಲ್ಲ.

ಮುದ್ದೇಬಿಹಾಳದಲ್ಲಿ ಅಕ್ಕ ಬಾಗಿಲಲ್ಲೇ ನನ್ನ ಕೈಯಲ್ಲಿದ್ದ ಸೀರೆ ನೋಡಿದಳು. "ಕಾಗದ ಎಲ್ಲೈತಿ?" ಎಂದು ಕೇಳಿದಳು. ಓದದೆ ಸಹಿ ಹಾಕಿದಳು. ಊಟಕ್ಕೆ ಬಡಿಸಿದಳು. ದಾರಿಯಲ್ಲಿ ನಡೆದದ್ದರ ಬಗ್ಗೆ ನಾನು ಬಾಯಿ ಬಿಟ್ಟಿರಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಹೊರಡುವಾಗ ಅವಳು ಸೀರೆಯ ಅಂಚನ್ನು ಒಮ್ಮೆ ಸವರಿ ಹೇಳಿದಳು:

"ಇದನ್ನ ಉಡಂಗಿಲ್ಲ ತಮ್ಮಾ. ಟ್ರಂಕಿನ ತಳಕ್ಕ ಇಡ್ತೇನಿ. ಸತ್ತ ದಿನ ತವರಿನ ಸೀರಿ ಬೇಕಾಗತೈತಲ್ಲ. ನೀ ಮತ್ತ ಬರೂ ತ್ರಾಸ ತಗೋಬ್ಯಾಡ."

ಎಷ್ಟೋ ಸಲ ಯೋಚಿಸಿದ್ದೇನೆ. ಅಂಗಡಿಯವನು ಯಾರಿಗಾದರೂ ಹೇಳಿದನೇ? ಯಾರಿಗೆ, ಯಾಕೆ? ಆಕೆ ಸತ್ತದ್ದು ನಸುಕಿನಲ್ಲಿ, ನಾನು ಸೀರೆ ಕೊಂಡದ್ದು ಹತ್ತಕ್ಕೆ. ಆಕೆ ಹೇಳಿದ ಹೊತ್ತಿಗೆ, ಹಸಿರೋ ನೇರಳೆಯೋ ಎಂಬುದು ನನಗೇ ಗೊತ್ತಿರಲಿಲ್ಲ. ಮುದುಕ ಸುಳ್ಳು ಹೇಳಿದನೆನ್ನೋಣವೆಂದರೆ, ಅಂದು ಆ ಅಂಗಳದಲ್ಲಿ ಸುಳ್ಳು ಹೇಳಿದವನು ನಾನೊಬ್ಬನೇ. ಪತ್ರಿಕೆಗೆ ಬರೆಯುವುದನ್ನು ಬಿಟ್ಟೆ. ಆ ದಾರಿಯಲ್ಲಿ ಹೋಗಲೇಬೇಕಾದಾಗ ಬಸ್ಸಿನಲ್ಲಿ ಆ ಹಳ್ಳಿ ಕಾಣದ ಮಗ್ಗುಲಿಗೆ ಕೂರುತ್ತೇನೆ.

ಹೊಲ ಈಗ ನನ್ನ ಹೆಸರಿನಲ್ಲಿದೆ. ಅಕ್ಕ ಮಾತು ಬಿಟ್ಟಿದ್ದಾಳೆ. ಅವಳಿಗೂ ವಯಸ್ಸಾಯಿತು, ಮುದ್ದೇಬಿಹಾಳದಿಂದ ಒಂದು ದಿನ ಸುದ್ದಿ ಬರಬಹುದು. ನಾನು ಎದ್ದು ಬಿದ್ದು ಓಡಿಯೇನು. ಆದರೆ ಅಲ್ಲಿ ಹೆಣ ಎತ್ತಲು ಯಾರೂ ನನ್ನನ್ನು ಕಾಯಬೇಕಾಗಿಲ್ಲ.