ಕನ್ನಡಕದಂಗಡಿಯವರ ದೆವ್ವದ ಸಿನಿಮಾ

ನಮ್ಮ ಬೀದಿಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತವರು ಆ ದೆವ್ವದ ಸಿನಿಮಾದ ಕಥೆ ಕೇಳದೆ ಎದ್ದು ಬಂದದ್ದಿಲ್ಲ. ಅಂಗಡಿಯವರು ಭಾರದ ಚೌಕಟ್ಟೊಂದನ್ನು ನಮ್ಮ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ನಿಜವಾಗ್ಲೂ ನಡೆದ ಕೊಲೆ ಕಣ್ರೀ, ನೋಡ್ಲೇಬೇಕು!" ಎಂದು ಶುರು ಮಾಡುತ್ತಾರೆ. ಆ ಗಾಬರಿಯಲ್ಲಿ ನಾನೊಮ್ಮೆ ಗೋಡೆಯ ಮೇಲಿನ 'ಗ' ಅಕ್ಷರವನ್ನು 'ಗಂಡ' ಎಂದು ಓದಿದ್ದೂ ಉಂಟು. ಆದರೆ ಕಥೆ ಮಾತ್ರ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಗಂಡ ಹೆಂಡತಿಯನ್ನು ಒಮ್ಮೆ ಮಹಡಿಯಿಂದ ತಳ್ಳಿ ಕೊಲ್ಲುತ್ತಾನೆ, ಇನ್ನೊಮ್ಮೆ ಅಡುಗೆಮನೆಯಲ್ಲಿ ಕತ್ತು ಹಿಸುಕುತ್ತಾನೆ. ತಲೆಬುಡ ತಿಳಿಯದೆ ಮೊನ್ನೆ ಕೇಳಿಯೇಬಿಟ್ಟೆ: "ಅಲ್ಲ ಸ್ವಾಮಿ, ಮಹಡಿನೋ ಅಡುಗೆಮನೆನೋ? ಯಾವುದಾದ್ರೂ ಒಂದು ಹೇಳಿ." ಗಾಜು ಒರೆಸುತ್ತಿದ್ದ ಅವರ ಕೈ ನಿಂತಿತು. "ಮಹಡಿ ಸಿನಿಮಾದವರು ಸೇರಿಸಿದ್ದು. ನಮ್ಮಕ್ಕ ಸತ್ತಿದ್ದು ಅಡುಗೆಮನೆಲಿ," ಎಂದರು. "ಮತ್ತೆ... ಅದನ್ನೇ ಎಲ್ಲರಿಗೂ ನೋಡಿ ಅಂತೀರಲ್ಲ?" ಎಂದು ತಡವರಿಸಿದೆ. ಅವರು ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೇಳಿದರು: "ಬದುಕಿದ್ದಾಗ ಅವಳ ಮಾತು ಯಾರೂ ಕೇಳ್ಲಿಲ್ಲ ರೀ. ಸಿನಿಮಾದಲ್ಲಿ ದೆವ್ವವಾಗಿ ಬಂದು ಮಾತಾಡ್ತಾಳೆ. ಥಿಯೇಟರ್ ತುಂಬ ಜನ ಉಸಿರು ಬಿಗಿಹಿಡಿದು ಕೇಳ್ತಾರೆ."