ಬುಟ್ಟಿಗೆ ಹೋದ ಕೆಳಗಿನ ಅರ್ಧ

ಅಕ್ಕನಿಗೆ ಪ್ರಯೋಗದ ಕೆಲಸ ಕೈಗೆ ಹತ್ತಲಿಲ್ಲ, ಅದಕ್ಕೇ ಪಿಎಚ್‌.ಡಿ. ಬಿಟ್ಟು ಹೋದಳು ಎಂದು ಲ್ಯಾಬಿನವರು ಇವತ್ತಿಗೂ ಹೇಳುತ್ತಾರೆ. ಪುರಾವೆ ಮಾತ್ರ ಯಾರೂ ಕೊಟ್ಟಿಲ್ಲ. ನಾನು ಅಲ್ಲಿದ್ದವನು, ಅವಳನ್ನು ಅಕ್ಕ ಎನ್ನುತ್ತಿದ್ದ ಜೂನಿಯರ್. ಒಪ್ಪುವುದಿಲ್ಲ.

ಇವತ್ತು ಬೆಳಿಗ್ಗೆ ಕತ್ರಿಗುಪ್ಪೆಯ ಅಂಗಡಿಯಲ್ಲಿ ಒಂದು ಕೊಳೆತ ಮೊಟ್ಟೆ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿದರು, ನಾನು ಅಲ್ಲೇ ನಿಂತೆ. ಪ್ರೋಟೀನ್ ಕುದಿಸುವ ಮುಂಚೆ ಅಕ್ಕ ಹಾಕುತ್ತಿದ್ದ ದ್ರಾವಣದ್ದೂ ಇದೇ ವಾಸನೆ...

ಕಾಲೇಜಿನ ಪ್ರಾಜೆಕ್ಟಿಗೆಂದು ಜೆ.ಪಿ. ನಗರದ ಆ ಲ್ಯಾಬಿಗೆ ನಾನು ಹೋದಾಗ ಅಕ್ಕನಿಗೆ ಸಿಕ್ಕಿದ್ದು ಕೊನೆಯ ಎಕ್ಸ್‌ಟೆನ್ಷನ್. ಅದು ಮುಗಿಯುವುದರೊಳಗೆ ಫಲಿತಾಂಶ ತೋರಿಸದಿದ್ದರೆ ರಿಜಿಸ್ಟ್ರೇಷನ್ ರದ್ದು. ಕೋಣನಕುಂಟೆಯ ಮನೆಯಲ್ಲಿ ಅವಳಪ್ಪ, "ಸಾಯೋ ಸೆಲ್ ನೋಡೋಕೆ ಇಷ್ಟು ವರ್ಷ ಬೇಕೇನಮ್ಮಾ? ಅಷ್ಟ್ರಲ್ಲಿ ನಾನೇ ಸಾಯ್ತೀನಿ" ಎನ್ನುತ್ತಿದ್ದರಂತೆ. ಅಕ್ಕ ಅದನ್ನು ಹೇಳಿ ನಗುತ್ತಿದ್ದಳು. ನಗು ಬೇಗ ನಿಂತುಬಿಡುತ್ತಿತ್ತು.

ಜೀವಕೋಶ ತಾನಾಗಿಯೇ, ಕ್ರಮ ತಪ್ಪದೆ ಸಾಯುವಾಗ ಡಿಎನ್‌ಎ ನಕಲು ಮಾಡುವ ಪ್ರೋಟೀನುಗಳಿಗೆ ಏನಾಗುತ್ತದೆ? ಅವಳ ಪ್ರಶ್ನೆ ಅದು.

"ಮನೆ ಖಾಲಿ ಮಾಡೋರು ಮೊದ್ಲು ಗ್ಯಾಸ್ ಆಫ್ ಮಾಡಲ್ವೇನೋ? ಹಂಗೆ ಕಣೋ. ಸಾಯೋ ಸೆಲ್ ಹೊಸದಾಗಿ ನಕಲು ಶುರು ಮಾಡ್ಬಾರ್ದು, ಅದಕ್ಕೆ ಆ ಪ್ರೋಟೀನನ್ನೇ ಕತ್ತರಿಸುತ್ತೆ."

ಕತ್ತರಿಯ ಹೆಸರು ಕ್ಯಾಸ್ಪೇಸ್, ಅದೂ ಪ್ರೋಟೀನೇ. ನಕಲು ಮಾಡುವ ಕೆಲವು ಪ್ರೋಟೀನುಗಳು ಹೀಗೆ ತುಂಡಾಗುವುದು ಆಗಲೇ ಗೊತ್ತಿತ್ತು. ಅಕ್ಕ ಹಿಡಿದದ್ದು ಅವುಗಳ ಜೊತೆ ಕೆಲಸ ಮಾಡುವ ಇನ್ನೊಂದನ್ನು.

ಕತ್ತರಿಸಿದ್ದಕ್ಕೆ ಸಾಕ್ಷಿಯಾಗಿ ತುಂಡು ಸಿಗಬೇಕು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಒಂದು ಬಿಳಿ ಹಾಳೆಗೆ ಇಳಿಸುತ್ತಾರೆ: ದೊಡ್ಡವು ಮೇಲೆ, ಸಣ್ಣವು ಕೆಳಗೆ. ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿಯಲ್ಲಿ ನೆನೆಸಿದರೆ ಅದು ಇರುವಲ್ಲಿ ಗೆರೆ ಮೂಡುತ್ತದೆ. ಆಂಟಿಬಾಡಿ ಹೊರದೇಶದಿಂದ ಬರಬೇಕು, ಹನಿಯೂ ದುಬಾರಿ. ಹಾಗಾಗಿ ನಮ್ಮಲ್ಲಿ ಇಡೀ ಹಾಳೆ ನೆನೆಸುವ ಪದ್ಧತಿ ಇರಲಿಲ್ಲ. ಪೂರ್ತಿ ಪ್ರೋಟೀನ್ ಇರಬೇಕಾದ ಮೇಲಿನ ಪಟ್ಟಿಯಷ್ಟೇ ಉಳಿಯುತ್ತಿತ್ತು, ತುಂಡುಗಳಿದ್ದರೆ ಇರಬೇಕಾದ ಕೆಳಗಿನ ಅರ್ಧ ಕಸದ ಬುಟ್ಟಿಗೆ. ಹಾಳೆ ಕತ್ತರಿಸುತ್ತಿದ್ದವರು ಸ್ವತಃ ಅಕ್ಕನ ಗೈಡ್, ನಮ್ಮ ಸಾರ್.

ಸಾಯುವ ಕೋಶಗಳ ಸ್ಯಾಂಪಲ್ಲಿನಲ್ಲಿ ಮೇಲಿನ ಗೆರೆ ಪ್ರತಿ ಸಲವೂ ಮಾಯ. "ಸ್ಯಾಂಪಲ್ ಕೆಡ್ಸಿದೀಯ. ಐಸಲ್ಲಿ ಇಟ್ಟಿರಲ್ಲ," ಎನ್ನುತ್ತಿದ್ದರು ಸಾರ್.

"ಒಂದೇ ಒಂದ್ಸಲ ಪೂರ್ತಿ ಹಾಳೆ ಬಿಡಿ ಸಾರ್..."

"ಮೊದ್ಲು ಮೇಲಿಂದು ಸರಿ ಮಾಡಮ್ಮ."

ಕೊನೆಗೆ ಅಕ್ಕ ಬುಟ್ಟಿಗೇ ಕೈ ಹಾಕಿದಳು. ಒಣಗತೊಡಗಿದ್ದ ಕೆಳಗಿನ ಅರ್ಧವನ್ನು ಎತ್ತಿ, ಬಳಸಿ ಬಳಸಿ ಸತ್ವ ಹೋಗಿದ್ದ ಹಳೆಯ ಆಂಟಿಬಾಡಿಯಲ್ಲಿ ನೆನೆಸಿದಳು. ಒಂದು ಗೆರೆ ಬಂತು. ಇದೆಯೋ ಇಲ್ಲವೋ ಅನ್ನುವಷ್ಟು ತೆಳು.

"ಬುಟ್ಟಿಯಿಂದ ಎತ್ತಿದ್ದು ಡೇಟಾ ಅಲ್ಲ. ಐಸ್ ಕರಗಿ ಪ್ರೋಟೀನ್ ಚೂರಾಗಿದೆ ಅಷ್ಟೆ," ಎಂದರು ಸಾರ್.

"ಪಕ್ಕದ ಸ್ಯಾಂಪಲ್ ನೋಡಿ ಸಾರ್. ಈ ಸಲ ಕ್ಯಾಸ್ಪೇಸ್ ತಡೆಯೋ ಔಷಧಿ ಹಾಕಿ ಅದನ್ನೂ ಇಟ್ಟಿದ್ದೆ. ಅದೇ ಐಸಲ್ಲಿ. ಅದ್ರಲ್ಲಿ ತುಂಡಿಲ್ಲ!"

ಚರ್ಚಾಸ್ಪರ್ಧೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಐಸ್ ಕರಗಿದ್ದರೆ ಎರಡೂ ಕೆಡಬೇಕಿತ್ತಲ್ಲ? ಹಾಗಂತ ಅಷ್ಟು ತೆಳು ಗೆರೆಯಿಂದ ಏನೋ ಸಾಬೀತಾಯಿತು ಎಂದು ನಾನು ವಾದಿಸುತ್ತಿಲ್ಲ. ನನಗೂ ಸಂಶಯವಿದೆ. ಸಂಶಯವಿದ್ದಾಗ ಇನ್ನೊಮ್ಮೆ ಮಾಡಿ ನೋಡಬೇಕಿತ್ತು. ಅವಳು ಬೇಡಿದ್ದೂ ಅಷ್ಟೇ. ಆ ಇನ್ನೊಮ್ಮೆ ಅವಳಿಗೆ ಸಿಗಲೇ ಇಲ್ಲ.

ರಿಜಿಸ್ಟ್ರೇಷನ್ ರದ್ದಾದ ಮೇಲೆ, ತಾನು ಸಾಕಿದ ಕೋಶಗಳ ಬಾಟಲಿಗಳಿಗೆ ಅಕ್ಕನೇ ಬ್ಲೀಚ್ ಸುರಿದಳು. ನಾನು ಸುರೀತೀನಿ ಅಂದರೆ ಬಿಡಲಿಲ್ಲ. "ಬರ್ತೀನಿ ಕಣೋ" ಅಂದು ಹೋದಳು. ಬರಲಿಲ್ಲ... ಅವಳ ನಂಬರು ಈಗ ಯಾರದೋ. ಕೋಣನಕುಂಟೆಯ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ವಾಚ್‌ಮನ್‌ಗೆ ಅವರ ವಿಷಯ ಗೊತ್ತಿಲ್ಲ. ಅಕ್ಕ ಇನ್ನು ಸಿಗುವುದಿಲ್ಲ, ಆ ಹಾಳೆಯೂ.

ಕೊಳೆತ ಮೊಟ್ಟೆಯ ವಾಸನೆ ಮನೆಗೆ ಬಂದರೂ ಮೂಗಿನಿಂದ ಹೋಗಿಲ್ಲ. ಸಾರ್, ನಿಮಗೆ ಎಷ್ಟೋ ಮೇಲ್ ಹಾಕಿದೆ, ಉತ್ತರವಿಲ್ಲ. ಇಲ್ಲೇ ಕೇಳುತ್ತೇನೆ. ಅಕ್ಕನ ಸ್ಯಾಂಪಲ್ ಕೆಟ್ಟಿದೆ ಎಂದು ಅಷ್ಟು ಖಚಿತವಾಗಿ ಹೇಳುತ್ತಿದ್ದಿರಲ್ಲ, ಕತ್ತರಿಸಿ ಎಸೆಯುವ ಮುಂಚೆ ಆ ಕೆಳಗಿನ ಅರ್ಧವನ್ನು ಒಮ್ಮೆಯಾದರೂ ನೆನೆಸಿ ನೋಡಿದ್ದಿರಾ?